ಕಾಣದ ಕೆಲಸ ಇಷ್ಟವಾಗುವುದು ಹೇಗೆ?

ಸಿಇಟಿ ಆಪ್ಷನ್ ಎಂಟ್ರಿಗೆ ಕೂತ ದಿನ ನನ್ನ ಮುಂದಿದ್ದದ್ದು ಎರಡೇ ಪ್ರಶ್ನೆ: ರ‍್ಯಾಂಕ್ ಎಷ್ಟು, ಯಾವ ಬ್ರಾಂಚಿಗೆ ಸಂಬಳ ಜಾಸ್ತಿ? ‘ನಿನಗೆ ಯಾವ ಕೆಲಸ ಇಷ್ಟ?’ ಎಂದು ಮಂಠಾಳದಲ್ಲಿ ಯಾರೂ ಕೇಳಲಿಲ್ಲ. ನಾನೂ ಕೇಳಿಕೊಳ್ಳಲಿಲ್ಲ. ಕಂಪ್ಯೂಟರ್ ಸೈನ್ಸ್ ಮೊದಲಿಗೆ ಹಾಕಿದೆ, ಸಿಕ್ಕಿತು.

ಈಗ ಬಿಇ ಮೂರನೇ ವರ್ಷ. ಪ್ಲೇಸ್‌ಮೆಂಟ್ ತರಬೇತಿಯಲ್ಲಿ ವೃತ್ತಿ ಆಸಕ್ತಿಯ ಪರೀಕ್ಷೆ ಕೊಟ್ಟರು. ಅಮೆರಿಕದ ಮನಃಶಾಸ್ತ್ರಜ್ಞ ಜಾನ್ ಹಾಲೆಂಡ್ 1959ರಲ್ಲಿ ಮಂಡಿಸಿದ ಸಿದ್ಧಾಂತವೇ ಅದಕ್ಕೆ ಆಧಾರ. ಅವರು ಹೇಳುವ ಬಗೆಗಳು ಆರು: ಕೈಯಿಂದ ಮಾಡುವವರು, ಶೋಧಿಸುವವರು, ಕಲಾವಿದರು, ಜನರಿಗೆ ನೆರವಾಗುವವರು, ಮುನ್ನಡೆಸುವವರು, ಲೆಕ್ಕಪತ್ರ ಅಚ್ಚುಕಟ್ಟಾಗಿ ಇಡುವವರು. ಒಬ್ಬರಲ್ಲೇ ಎರಡು ಮೂರು ಬೆರೆತಿರಬಹುದು. ನನಗೆ ಮೊದಲು ಬಂದದ್ದು ಕೈಕೆಲಸ. ಆಶ್ಚರ್ಯವಾಗಲಿಲ್ಲ. ಹೊಲದ ಮೋಟರ್ ಸುಟ್ಟಾಗಲೆಲ್ಲ ರಿವೈಂಡಿಂಗ್ ಅಂಗಡಿಯಲ್ಲಿ ಗಂಟೆಗಟ್ಟಲೆ ಕೂತು ನೋಡುತ್ತಿದ್ದವನು ನಾನು.

ಆದರೆ ಫಲಿತಾಂಶಕ್ಕಿಂತ ಪ್ರಶ್ನೆಗಳೇ ಕಾಡಿದವು. ಪ್ರಯೋಗಾಲಯದ ಸಂಶೋಧನೆ ಇಷ್ಟವೇ? ರಂಗಸಜ್ಜಿಕೆ ಮಾಡುವುದು ಇಷ್ಟವೇ? ಕಾಣದ್ದನ್ನು ಇಷ್ಟ ಎನ್ನುವುದು ಹೇಗೆ? ನಾವು ಚಿಕ್ಕಂದಿನಿಂದ ಕಂಡ ನೌಕರಿಗಳು ಮಾಸ್ತರು, ಪೊಲೀಸ್, ನರ್ಸ್, ಕಂಡಕ್ಟರ್. ಹಳ್ಳಿ ಹುಡುಗಿಯೊಬ್ಬಳು ‘ಇಲ್ಲ’ ಎಂದು ಗುರುತು ಹಾಕಿದರೆ ಅವಳಿಗೆ ಆಸಕ್ತಿ ಇಲ್ಲವೆಂದಲ್ಲ, ಪರಿಚಯ ಇಲ್ಲವೆಂದೂ ಇರಬಹುದು.

ಹಾಗೆಂದು ಪರೀಕ್ಷೆ ಬೇಡ ಎನ್ನುವುದಿಲ್ಲ. ಅದು ಹತ್ತನೇ ತರಗತಿಯಲ್ಲೇ ಬರಲಿ, ಅದಕ್ಕೂ ಮೊದಲು ಮಕ್ಕಳಿಗೆ ಕೆಲಸಗಳನ್ನು ತೋರಿಸಲಿ. ಹುಮನಾಬಾದಿನ ಕಾರ್ಖಾನೆ, ಹೆದ್ದಾರಿ ಬದಿಯ ಲಾರಿ ಗ್ಯಾರೇಜು, ತಾಲ್ಲೂಕು ಆಸ್ಪತ್ರೆಯ ಲ್ಯಾಬು. ಒಂದೊಂದರಲ್ಲಿ ಒಂದು ದಿನ ಕಳೆದರೂ ಸಾಕು.

ಇನ್ನೊಂದು ತೊಡಕು ಮನೆಯಲ್ಲಿದೆ. ನನ್ನ ಫಲಿತಾಂಶ ನೋಡಿ ಅಪ್ಪ, ‘ಹಂಗಂದ್ರ ಮೆಕ್ಯಾನಿಕ್ ಆಗ್ತೀಯೇನು?’ ಎಂದರು. ಅದರಲ್ಲಿ ಹೆದರಿಕೆಯಿತ್ತು. ಅವರ ತಪ್ಪಿಲ್ಲ, ದುಡಿದು ಬಳಲಿದ ಕೈ ಅವರದು. ಆದರೆ ನಮ್ಮದು ಕಲ್ಯಾಣದ ನೆಲ. 12ನೇ ಶತಮಾನದ ಶರಣರ ಸಾಲಿನಲ್ಲಿ ಹಗ್ಗ ಹೊಸೆಯುವ ನುಲಿಯ ಚಂದಯ್ಯ, ದೋಣಿ ನಡೆಸುವ ಅಂಬಿಗರ ಚೌಡಯ್ಯ ಇದ್ದರು. ಅವರ ಕೆಲಸ ಇವತ್ತಿಗೂ ಅವರ ಹೆಸರಿನಲ್ಲೇ ಉಳಿದಿದೆ. ಅವರ ಜಯಂತಿಗೆ ಹೂ ಹಾಕುವ ನಾವು ಕೈಕೆಲಸವನ್ನು ಮಾತ್ರ ಕೀಳೆನ್ನುತ್ತೇವೆ.

ಬ್ರಾಂಚ್ ಬದಲಿಸುವ ಕಾಲ ನನಗೆ ಮೀರಿದೆ. ಆದರೆ ಕೊನೆಯ ವರ್ಷದ ಪ್ರಾಜೆಕ್ಟಿಗೆ, ಮೋಟರ್ ಸುಡುವ ಮೊದಲೇ ರೈತನ ಮೊಬೈಲಿಗೆ ಎಚ್ಚರಿಕೆ ಕಳಿಸುವ ಸಾಧನ ಮಾಡಬೇಕೆಂದಿದ್ದೇನೆ. ಅದಕ್ಕೆ ಕೋಡೂ ಬೇಕು, ಕೈಯೂ ಬೇಕು.

ಈ ವರ್ಷ ಆಪ್ಷನ್ ಎಂಟ್ರಿಗೆ ಕೂರುವ ತಮ್ಮ ತಂಗಿಯರೇ, ಸಂಬಳ ಕೇಳಿ, ತಪ್ಪಲ್ಲ. ಜೊತೆಗೆ ಆ ಕೆಲಸ ಮಾಡುವವರೊಬ್ಬರ ಪಕ್ಕ ಒಂದು ದಿನ ಕೂತು ನೋಡಿ. ಸಂಜೆಯಾದರೂ ಏಳಲು ಮನಸ್ಸಾಗದಿದ್ದರೆ, ಅದನ್ನೇ ಮೊದಲ ಆಪ್ಷನ್ ಮಾಡಿ.