ಕರಿದು ಮಿಕ್ಕ ಎಣ್ಣೆಯ ವಿನಿಯೋಗ

ಯಾದಗಿರಿ, ಶಹಾಪುರ, ಸುರಪುರ ತಾಲ್ಲೂಕುಗಳ ಗೌಡರೂ ಜಮೀನುದಾರರೂ ಆದ ಮಹಾಶಯರ ಲಕ್ಷ್ಯವನ್ನು ಸಣ್ಣದಾಗಿ ತೋರುವ ಒಂದು ವಿಷಯದತ್ತ ಸೆಳೆಯಬೇಕಾಗಿದೆ. ಸಂಕ್ರಾಂತಿಗೆ ಮೈಲಾಪುರದ ಜಾತ್ರೆಗಾಗಲಿ, ತಿಂಥಣಿಯ ಮೌನೇಶ್ವರನ ಜಾತ್ರೆಗಾಗಲಿ ಹೋದವರು ಮಿರ್ಚಿ ಭಜಿಯ ಅಂಗಡಿಗಳ ಸಾಲನ್ನು ಕಂಡೇ ಇರುವರು. ಬೆಳಗಿನಿಂದ ಒಲೆಯ ಮೇಲಿದ್ದು ಕಪ್ಪಾದ ಆ ಎಣ್ಣೆಯು ಕಡೆಗೆ ಎಲ್ಲಿಗೆ ಹೋಗುವುದೆಂದು ವಿಚಾರಿಸಿದವರು ವಿರಳ. ಕೆಲವರು ಅದನ್ನು ಗಟಾರಕ್ಕೆ ಚೆಲ್ಲುವರು. ಕೆಲವರು ಹೊಸ ಎಣ್ಣೆ ಬೆರೆಯಿಸಿ ಮರುದಿನ ಪುನಃ ಕರಿಯುವರು. ಅದನ್ನು ತಿನ್ನತಕ್ಕವರು ನಮ್ಮ ಹೊಲಗಳಲ್ಲಿ ದುಡಿಯುವ ಕೂಲಿಕಾರರೂ ಅವರ ಮಕ್ಕಳೂ ಅಲ್ಲವೆ?

ಈ ವಿಷಯದಲ್ಲಿ ಕಾಯಿದೆ ಇಲ್ಲದಿಲ್ಲ. ಎಣ್ಣೆ ಕಾದು ಕಾದು ಕೆಟ್ಟಂತೆ ಅದರಲ್ಲಿ ಹೆಚ್ಚುವ ‘ಧ್ರುವೀಯ’ವೆಂಬ ಪದಾರ್ಥಗಳು ನೂರಕ್ಕೆ 25 ಭಾಗವನ್ನು ಮೀರಿದರೆ ಅಂಥ ಎಣ್ಣೆಯನ್ನು ಅಡಿಗೆಗೆ ಬಳಸಕೂಡದೆಂಬ ನಿಯಮವು 2018ನೆಯ ಇಸವಿಯ ಜುಲೈ 1ರಿಂದ ಜಾರಿಯಲ್ಲಿದೆ. ದಿನಕ್ಕೆ 50 ಲೀಟರಿಗಿಂತ ಹೆಚ್ಚು ಎಣ್ಣೆಯಲ್ಲಿ ಕರಿಯುವವರು ಲೆಕ್ಕವಿಟ್ಟು, ಮಿಕ್ಕದ್ದನ್ನು ನೋಂದಾಯಿತ ಸಂಗ್ರಾಹಕರಿಗೇ ಒಪ್ಪಿಸಬೇಕೆಂದು 2019ರಲ್ಲಿ ಕಟ್ಟಳೆಯಾಯಿತು. ಆದರೆ ಜಾತ್ರೆಯ ಭಜಿ ಅಂಗಡಿಕಾರನು 50 ಲೀಟರನ್ನು ಮುಟ್ಟುವುದುಂಟೆ? ಲೆಕ್ಕವು ದೊಡ್ಡವರಿಗೆ, ಚಿಕ್ಕವರ ಕಡಾಯಿಗಳನ್ನು ನೋಡುವವರಿಲ್ಲ. ಈ ತೆರವನ್ನು ಊರಿನ ಹಿರಿಯರೇ ತುಂಬಬೇಕೆಂಬುದು ನಮ್ಮ ಅಭಿಪ್ರಾಯ.

ಈ ಎಣ್ಣೆಗೆ ಬೇರೊಂದು ಸದುಪಯೋಗವುಂಟು. 1900ರಲ್ಲಿ ಪ್ಯಾರಿಸಿನ ಮಹಾಪ್ರದರ್ಶನದಲ್ಲಿ ಡೀಸೆಲ್ ಎಂಜಿನನ್ನು ಶೇಂಗಾ ಎಣ್ಣೆಯಿಂದಲೇ ನಡೆಯಿಸಿ ತೋರಿಸಿದ್ದರು. ಇದನ್ನು ಕೇಳಿದೊಡನೆ ಕರಿದ ಎಣ್ಣೆಯನ್ನು ತಂದು ಟ್ರ್ಯಾಕ್ಟರಿನ ಟಾಕಿಗೆ ಸುರಿಯುವ ಸಾಹಸವನ್ನು ಮಾತ್ರ ಯಾರೂ ಮಾಡಬಾರದು. ಎಣ್ಣೆಯು ಡೀಸೆಲ್ಲಿಗಿಂತ ಬಹಳ ದಪ್ಪ. ಅದರಲ್ಲಿ ಹಿಟ್ಟಿನ ಚರಟ, ಉಪ್ಪು, ನೀರು ಸೇರಿರುತ್ತವೆ. ನಾಜಲು ಕಟ್ಟಿಕೊಂಡು ಒಳಗೆ ಮಸಿ ಕೂಡುವುದು. ಉಳಿಸಿದ ಡೀಸೆಲ್ಲಿನ ಹತ್ತರಷ್ಟು ಹಣ ದುರಸ್ತಿಗೆ ಹೋದೀತು. ಎಣ್ಣೆಯನ್ನು ಸೋಸಿ, ನೀರಿನಂಶ ತೆಗೆದು, ಅದರ ಐದನೆಯ ಒಂದು ಪಾಲಿನಷ್ಟು ಮೆಥನಾಲ್ ಮತ್ತು ಸ್ವಲ್ಪ ಕಾಸ್ಟಿಕ್ ಸೋಡಾ ಕೂಡಿಸಿ ಸುಮಾರು 60 ಡಿಗ್ರಿ ಕಾವಿನಲ್ಲಿ ಕಲಕಿದರೆ, ಭಾರವಾದ ಗ್ಲಿಸರಿನ್ ಅಡಿಯಲ್ಲಿ ನಿಂತು, ಮೇಲೆ ತೆಳುವಾದ ಜೈವಿಕ ಡೀಸೆಲ್ ತೇಲುವುದು. ಇದನ್ನು ತೊಳೆದು ಒಣಗಿಸಿ ಪರೀಕ್ಷಿಸಿದ ಮೇಲೆ ಡೀಸೆಲ್ಲಿನೊಡನೆ ಬೆರೆಸುವರು.

ಕೇಳುವುದಕ್ಕೆ ಸುಲಭವೇ ಸರಿ. ಆದರೆ ಮೆಥನಾಲು ವಿಷ. ಸ್ವಲ್ಪ ಹೊಟ್ಟೆಗೆ ಹೋದರೂ ಕಣ್ಣು ಕುರುಡಾಗುವುದು, ಪ್ರಾಣವೂ ಹೋಗಬಹುದು. ಅದು ಕಿಡಿ ತಗಲಿದೊಡನೆ ಹೊತ್ತಿಕೊಳ್ಳುವ ದ್ರವ್ಯ. ಅದರ ಜ್ವಾಲೆಯು ಹಗಲು ಕಣ್ಣಿಗೆ ಕಾಣುವುದೇ ಕಷ್ಟ. ಕಣಕಿ ಬಣವೆಗಳಿರುವ ಹಿತ್ತಲಲ್ಲಿ ಇದನ್ನು ಮಾಡುವುದೆಂದರೆ ಊರಿಗೇ ಕೊಳ್ಳಿಯಿಟ್ಟಂತೆ. ಆದುದರಿಂದ ತಯಾರಿಕೆಯನ್ನು ಬಲ್ಲವರಿಗೆ ಬಿಟ್ಟು, ಸಂಗ್ರಹವನ್ನು ಮಾತ್ರ ನಾವು ವಹಿಸಿಕೊಳ್ಳುವುದು ಯುಕ್ತ. ಹಾಸನ ಜಿಲ್ಲೆಯ ಮಡೆನೂರಿನಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು 2007ರಲ್ಲಿ ಆರಂಭಿಸಿದ ಜೈವಿಕ ಇಂಧನ ಉದ್ಯಾನವು ಹೊಂಗೆ, ಬೇವು, ಹಿಪ್ಪೆಗಳ ಬೀಜಗಳನ್ನು ಈ ಕೆಲಸಕ್ಕೆ ಹಚ್ಚಿತು. ನಮ್ಮ ಭೀಮರಾಯನಗುಡಿಯ ಕೃಷಿ ಮಹಾವಿದ್ಯಾಲಯದಲ್ಲಿಯೂ ಕರಿದ ಎಣ್ಣೆಯ ಪ್ರಾತ್ಯಕ್ಷಿಕೆಯೊಂದು ನಡೆಯಬೇಕೆಂದು ಜಮೀನುದಾರರು ಒಟ್ಟಾಗಿ ಕೇಳಿಕೊಳ್ಳಬಾರದೇಕೆ?

ಎಣ್ಣೆ ಕೂಡುವುದೇ ಅಲ್ಪ, ಇಷ್ಟಕ್ಕೆ ಇಷ್ಟು ಗದ್ದಲವೇಕೆಂದು ಕೆಲವರು ಆಕ್ಷೇಪಿಸಬಹುದು. ಇದರಿಂದ ಊರಿನ ಪಂಪುಗಳೆಲ್ಲ ನಡೆಯುವುವೆಂದು ನಾವೂ ಹೇಳುವುದಿಲ್ಲ. ಕೆಟ್ಟ ಎಣ್ಣೆಗೆ ನಾಲ್ಕು ಕಾಸು ಹುಟ್ಟಿದರೆ ಅಂಗಡಿಕಾರನು ಅದನ್ನು ಮರಳಿ ಒಲೆಗೆ ಇಡನೆಂಬುದೇ ಮುಖ್ಯವಾದ ಲಾಭ. ಕೊಳ್ಳಲು ಬಂದವನು ನೋಂದಾಯಿತ ಸಂಗ್ರಾಹಕನೋ ಅಲ್ಲವೋ ಎಂಬುದನ್ನು ಮೊದಲು ನೋಡತಕ್ಕದ್ದು. ಕಪ್ಪೆಣ್ಣೆಯನ್ನು ತಿಳಿಗೊಳಿಸಿ ಮರಳಿ ಪೇಟೆಗೆ ತರುವ ಠಕ್ಕರಿಗೆ ನಾವೇ ಮಾಲು ಒದಗಿಸಿದಂತಾಗಬಾರದು. ಜಾತ್ರೆಯ ಅಂಗಡಿಗಳಿಗೆ ಜಾಗ ಹಂಚುವಾಗಲೇ, ಮಿಕ್ಕ ಎಣ್ಣೆಯನ್ನು ಆರಿಸಿ ಸೋಸಿ ಪಂಚಾಯಿತಿಯ ಪೀಪಾಯಿಗೆ ಒಪ್ಪಿಸಬೇಕೆಂಬ ಷರತ್ತನ್ನು ಬರೆಯಿಸಿ, ಪ್ರತಿಯೊಬ್ಬನ ಲೀಟರುಗಳನ್ನು ವಹಿಯಲ್ಲಿ ಗುರುತಿಸಿ, ಮಾರಿ ಬಂದ ಹಣವನ್ನು ಅದರಂತೆ ಅವನಿಗೇ ಸಲ್ಲಿಸತಕ್ಕದ್ದು.