ಯಂತ್ರವನ್ನು ದೂರುವ ಮುನ್ನ

ಬೇಸಗೆಯಲ್ಲಿ ಕವಲಂದೆಯ ಒಣಗಾಳಿಗೆ ಹಿಪ್ಪುನೇರಳೆಯ ಎಲೆ ಬೇಗ ಬಾಡುತ್ತದೆ. ಬಾಡಿದುದನ್ನು ಎಳೆಯ ರೇಷ್ಮೆಹುಳು ತಿನ್ನಲಾರದು. ಚಾಕಿ ಹುಳುಗಳಿಗೆ ಶೇಕಡ 85ರಿಂದ 90ರಷ್ಟು ಆರ್ದ್ರತೆ ಬೇಕು. ಅದಕ್ಕಾಗಿ ಹುಳುಮನೆಯಲ್ಲಿಟ್ಟ ತುಂತುರು ಯಂತ್ರ ಸೋತರೆ ನಾವು ಯಂತ್ರವನ್ನೇ ದೂರುತ್ತೇವೆ. ಇದು ಸರಿಯಲ್ಲ. ಕೊಳವೆಬಾವಿಯ ಗಡಸುನೀರು ಆರಿದಾಗ ಉಳಿಯುವ ಸುಣ್ಣದ ಲವಣಗಳು ಯಂತ್ರದ ಸಣ್ಣ ರಂಧ್ರಗಳನ್ನು ಮುಚ್ಚುತ್ತವೆ. ನಿಂಬೆರಸದಲ್ಲಿ ನೆನೆಸಿದರೆ ಕರಗುತ್ತವೆ.

ಇನ್ನೂ ಮುಖ್ಯವಾದುದು ಆರ್ದ್ರತಾಮಾಪಕ. ಅದರಲ್ಲಿ ಎರಡು ಉಷ್ಣಮಾಪಕಗಳು. ಒಂದರ ಬುರುಡೆಗೆ ಒದ್ದೆ ಬತ್ತಿ. ಬತ್ತಿ ಒಣಗಿದರೆ ಆ ಬುರುಡೆ ತಂಪಾಗದು. ಎರಡರ ಅಂತರ ಕುಗ್ಗಿ, ಒಣಗಿದ ಕೋಣೆಯೂ ತೇವವಾಗಿರುವಂತೆ ತೋರುತ್ತದೆ. ಅದನ್ನು ನಂಬಿ ಯಂತ್ರವನ್ನು ನಿಲ್ಲಿಸಿದವರು ಬೆಳೆಯನ್ನೇ ಕಳೆದುಕೊಂಡಾರು. ದಿನವೂ ಬತ್ತಿಯನ್ನು ನೋಡುವ ಹೊಣೆಯನ್ನು ಮನೆಯ ವಿದ್ಯಾರ್ಥಿಯೇ ವಹಿಸಿಕೊಳ್ಳಲೆಂದು ನಮ್ಮ ಆಶಯ; ಭೌತಶಾಸ್ತ್ರದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಪ್ರಯೋಗಶಾಲೆ ಬೇರಿಲ್ಲ.