ತೊಟ್ಟಿಲಿನಿಂದ ಮರಣಶಯ್ಯೆಯವರೆಗೆ: ದಾದಿಯರಿಂದ ನಮ್ಮ ಮನೆಗಳು ಕಲಿಯಬೇಕಾದುದು

ಪ್ರತಿ ವರ್ಷ ಫೆಬ್ರವರಿ 11ರಂದು, ಲೂರ್ದು ಮಾತೆಯ ಹಬ್ಬದ ದಿನ, ಧರ್ಮಸಭೆಯು ವಿಶ್ವ ರೋಗಿಗಳ ದಿನವನ್ನು ಆಚರಿಸುತ್ತದೆ. ಜಗದ್ಗುರು ಎರಡನೇ ಜಾನ್ ಪೌಲರು 1992ರಲ್ಲಿ ಇದನ್ನು ಘೋಷಿಸಿದರು. 1993ರಲ್ಲಿ ಮೊದಲ ಆಚರಣೆ ನಡೆಯಿತು. ಅಂದು ನಮ್ಮ ಧರ್ಮಕೇಂದ್ರಗಳಲ್ಲಿ ವೃದ್ಧರನ್ನೂ ಅಸ್ವಸ್ಥರನ್ನೂ ಕರೆತಂದು, ಬಲಿಪೂಜೆ ಅರ್ಪಿಸಿ, ಉಪಾಹಾರ ನೀಡಿ ಮನೆಗೆ ಬಿಟ್ಟುಬರುತ್ತೇವೆ. ಸ್ತುತ್ಯವಾದ ಸಂಪ್ರದಾಯವಿದು. ಆದರೆ ಅವರು ಮರಳಿ ಹೋಗುವ ಮನೆ ಅವರಿಗೆ ಎಷ್ಟು ಸುರಕ್ಷಿತ? ಅವರ ಕೊನೆಯ ದಿನಗಳು ಹೇಗಿರಬೇಕೆಂದು ಆ ಮನೆಯಲ್ಲಿ ಯಾರಾದರೂ ಯೋಚಿಸಿದ್ದಾರೆಯೇ? ಈ ಎರಡು ಪ್ರಶ್ನೆಗಳನ್ನು ನಾವು ಸಾಮಾನ್ಯವಾಗಿ ಕೇಳಿಕೊಳ್ಳುವುದಿಲ್ಲ.

ನಮ್ಮ ಸಮುದಾಯದ ಎಷ್ಟೋ ಕುಟುಂಬಗಳು ತಲೆಮಾರುಗಳಿಂದ ತಮ್ಮ ಹೆಣ್ಣುಮಕ್ಕಳನ್ನು ದಾದಿಯರ ವೃತ್ತಿಗೆ ಕಳುಹಿಸಿವೆ. ಊರಿನ ಆಸ್ಪತ್ರೆಗಳಿಂದ ಕೊಲ್ಲಿ ರಾಷ್ಟ್ರಗಳವರೆಗೆ ಅವರು ಸೇವೆ ಸಲ್ಲಿಸುತ್ತಿದ್ದಾರೆ. ಅಲ್ಲಿ ಅಪರಿಚಿತ ರೋಗಿ ಮಂಚದಿಂದ ಬೀಳದಂತೆ ಕಾಯುವ ಮಗಳ ತಾಯಿ, ಇಲ್ಲಿ ಒದ್ದೆ ಬಚ್ಚಲಿನಲ್ಲಿ ಜಾರಿ ಬಿದ್ದು ಮಲಗಿರುತ್ತಾಳೆ. ಮಗಳ ಸಂಬಳ ಮನೆಗೆ ಬಂದಿದೆ, ಅವಳ ವಿದ್ಯೆ ಬಂದಿಲ್ಲ.

ದಾದಿಯರ ಶಿಕ್ಷಣದ ಮೊದಲ ಪಾಠಗಳಲ್ಲೊಂದು, ಅಪಾಯವು ವಯಸ್ಸಿಗೆ ತಕ್ಕಂತೆ ರೂಪ ಬದಲಿಸುತ್ತದೆ ಎಂಬುದು. ಹಸುಗೂಸನ್ನು ಬೆನ್ನ ಮೇಲೆಯೇ ಮಲಗಿಸಬೇಕು. ಅದರ ಸುತ್ತ ದಿಂಬುಗಳನ್ನು ಪೇರಿಸಬಾರದು. ಒಂದು ವರ್ಷ ತುಂಬದ ಮಗುವಿನ ನಾಲಿಗೆಗೆ ಜೇನು ಸವರುವುದು ಪ್ರೀತಿಯಾಗಿ ಕಂಡರೂ ಅಪಾಯಕಾರಿ. ಅಂಬೆಗಾಲಿಡುವ ಮಗುವಿಗೆ ನೆಲಗಡಲೆ, ನಾಣ್ಯ, ಆಟಿಕೆಯೊಳಗಿನ ಗುಂಡಿಯಂಥ ಬ್ಯಾಟರಿ ಇವೆಲ್ಲ ಶತ್ರುಗಳು. ತಂಪು ಪಾನೀಯದ ಬಾಟಲಿಯಲ್ಲಿ ಸೀಮೆಎಣ್ಣೆ ತುಂಬಿಡುವ ಅಭ್ಯಾಸ ಇನ್ನೂ ಹೋಗಿಲ್ಲ. ಕಟ್ಟೆಯಿಲ್ಲದ ಬಾವಿ, ತೋಟದ ಕೆರೆ, ಅಷ್ಟೇಕೆ, ಬಚ್ಚಲಿನ ತುಂಬಿದ ಬಕೆಟ್ಟೂ ಮಗುವಿನ ಪ್ರಾಣ ತೆಗೆಯಬಲ್ಲದು. ಮಗ ಯೌವನಕ್ಕೆ ಬಂದಾಗ ಅಪಾಯ ದ್ವಿಚಕ್ರ ವಾಹನದ ರೂಪ ತಾಳುತ್ತದೆ. ಹೆಲ್ಮೆಟ್ ಇಲ್ಲದೆ ಅವನನ್ನು ಹೊರಗೆ ಬಿಡುವ ತಂದೆ, ಎಷ್ಟು ಜಪಸರ ಮಾಡಿದರೂ, ತನ್ನ ಕರ್ತವ್ಯದ ಅರ್ಧವನ್ನಷ್ಟೇ ಮಾಡಿದಂತೆ.

ಮುಪ್ಪಿನಲ್ಲಿ ದೊಡ್ಡ ಶತ್ರು ಬೀಳುವುದು. ಮಳೆಗಾಲದಲ್ಲಿ ಪಾಚಿ ಹಿಡಿದ ಅಂಗಳ, ಹೊಸ ಮನೆಯ ನುಣುಪಾದ ಟೈಲ್ಸ್, ಬಾಗಿಲಲ್ಲಿ ಮಡಚಿಕೊಂಡ ಕಾಲೊರೆಸು, ರಾತ್ರಿ ಮೂತ್ರಕ್ಕೆಂದು ಎದ್ದಾಗ ದೀಪವಿಲ್ಲದ ಓಣಿ ಇವು ಸಾಕು. ವಯಸ್ಸಾದವರ ಸೊಂಟದ ಮೂಳೆ ಒಮ್ಮೆ ಮುರಿದರೆ ಅನೇಕರು ಮತ್ತೆ ಮೊದಲಿನಂತೆ ನಡೆಯುವುದಿಲ್ಲ. ಗೋಡೆಗೊಂದು ಹಿಡಿಕೆ, ಓಣಿಗೊಂದು ಮಂದ ದೀಪ ಹಾಕಿಸಲು ತಗಲುವ ವೆಚ್ಚ ಹಬ್ಬದ ಒಂದು ಊಟದ ವೆಚ್ಚಕ್ಕಿಂತ ಹೆಚ್ಚಲ್ಲ. ಎರಡನೆಯದು ಔಷಧಿಗಳ ಗೊಂದಲ. ಸರಿಯಾದ ರೋಗಿ, ಸರಿಯಾದ ಔಷಧಿ, ಸರಿಯಾದ ಪ್ರಮಾಣ, ಸರಿಯಾದ ಮಾರ್ಗ, ಸರಿಯಾದ ಸಮಯ ಎಂಬ ಐದು ನಿಯಮಗಳನ್ನು ದಾದಿಯರು ಬಾಯಿಪಾಠ ಮಾಡಿರುತ್ತಾರೆ. ನಮ್ಮ ಮನೆಗಳಲ್ಲಾದರೋ ಮೂವರು ವೈದ್ಯರು ಬರೆದ ಮಾತ್ರೆಗಳು ಒಂದೇ ಬಿಸ್ಕತ್ತಿನ ಡಬ್ಬಿಯಲ್ಲಿರುತ್ತವೆ. ಗಂಡನ ಮಾತ್ರೆಯನ್ನು ಹೆಂಡತಿ ನುಂಗುತ್ತಾಳೆ.

ಹಾಗೆಂದು ಸುರಕ್ಷತೆಯ ಹೆಸರಿನಲ್ಲಿ ವೃದ್ಧರನ್ನು ಮಂಚಕ್ಕೆ ಕಟ್ಟಿಹಾಕುವುದನ್ನೂ, ಕೋಣೆಯಲ್ಲಿ ಕೂಡಿಹಾಕುವುದನ್ನೂ ನಾವು ಒಪ್ಪುವುದಿಲ್ಲ. ಅದು ಕಾಯುವವರ ಅನುಕೂಲವೇ ಹೊರತು ಕಾಯಿಸಿಕೊಳ್ಳುವವರ ರಕ್ಷಣೆಯಲ್ಲ.

ದಾದಿಯರ ಆರೈಕೆ ಏನನ್ನು ಸಾಧಿಸಬಲ್ಲದೆಂಬುದಕ್ಕೆ ಅರುಣಾ ಶಾನಭಾಗರ ಕಥೆಗಿಂತ ದೊಡ್ಡ ಸಾಕ್ಷ್ಯ ಬೇಕಿಲ್ಲ. ಉತ್ತರ ಕನ್ನಡದ ಹಳದೀಪುರದ ಈ ದಾದಿ, ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ 1973ರ ನವೆಂಬರ್ 27ರಂದು ಪಾಶವೀ ಹಲ್ಲೆಗೊಳಗಾಗಿ ಪ್ರಜ್ಞೆ ಕಳೆದುಕೊಂಡರು. 2015ರ ಮೇ 18ರಂದು ಕೊನೆಯುಸಿರೆಳೆಯುವವರೆಗೆ, ಹೆಚ್ಚುಕಡಿಮೆ 42 ವರ್ಷ, ಅದೇ ಆಸ್ಪತ್ರೆಯ ದಾದಿಯರು ಸರದಿಯಂತೆ ಅವರಿಗೆ ಉಣಿಸಿದರು, ತೊಳೆದರು, ಮಗ್ಗುಲು ಬದಲಿಸಿದರು. ಅವರು ಸೇವೆಗೆ ಸೇರುವ ಮೊದಲೇ ಮಲಗಿದ್ದ ಆ ಸಹೋದ್ಯೋಗಿಯನ್ನು ಎಷ್ಟೋ ಮಂದಿ ದಾದಿಯರು ಎಚ್ಚರದ ಸ್ಥಿತಿಯಲ್ಲಿ ಕಂಡವರೇ ಅಲ್ಲ. ನಮ್ಮ ಮನೆಗಳಲ್ಲಾದರೋ ಹಾಸಿಗೆ ಹಿಡಿದವರಿಗೆ ಕೆಲವೇ ವಾರಗಳಲ್ಲಿ ಬೆನ್ನಿಗೂ ಹಿಮ್ಮಡಿಗೂ ಹುಣ್ಣಾಗುತ್ತದೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಚರ್ಮವನ್ನು ಒಣದಾಗಿಡುವುದು, ಕೂರಿಸಿ ಉಣಿಸಿ ಅರ್ಧ ಗಂಟೆ ಹಾಗೆಯೇ ಇರಿಸುವುದು, ಇವಕ್ಕೆ ದೊಡ್ಡ ಆಸ್ಪತ್ರೆ ಬೇಕಿಲ್ಲ.

ಅರುಣಾ ಪ್ರಕರಣವೇ ನಮ್ಮನ್ನು ಕೊನೆಗಾಲದ ಪ್ರಶ್ನೆಗೂ ಕೊಂಡೊಯ್ಯುತ್ತದೆ. ಅವರ ಆಹಾರವನ್ನು ನಿಲ್ಲಿಸಬೇಕೆಂಬ ಅರ್ಜಿಯನ್ನು ಸರ್ವೋಚ್ಚ ನ್ಯಾಯಾಲಯ 2011ರ ಮಾರ್ಚ್ 7ರಂದು ತಳ್ಳಿಹಾಕಿತು. ಆದರೆ ಅದೇ ತೀರ್ಪಿನಲ್ಲಿ, ಕೆಲವು ಕಟ್ಟುಪಾಡುಗಳೊಂದಿಗೆ, ಜೀವರಕ್ಷಕ ಚಿಕಿತ್ಸೆಯನ್ನು ಹಿಂತೆಗೆಯಲು ಅವಕಾಶ ತೆರೆಯಿತು. 2018ರ ಮಾರ್ಚ್ 9ರಂದು ಸಂವಿಧಾನ ಪೀಠವು ಮುಂಗಡ ವೈದ್ಯಕೀಯ ನಿರ್ದೇಶನ ಬರೆದಿಡುವ ಹಕ್ಕನ್ನು ಮಾನ್ಯ ಮಾಡಿತು. 2023ರಲ್ಲಿ ವಿಧಾನ ಸರಳವಾಯಿತು: ಇಬ್ಬರು ಸಾಕ್ಷಿಗಳು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಸಾಕು. 2025ರ ಜನವರಿಯಲ್ಲಿ ಕರ್ನಾಟಕ ಸರ್ಕಾರ ಇದರ ಜಾರಿಗೆ ಆದೇಶ ಹೊರಡಿಸಿತು.

ಇದನ್ನು ಕೇಳಿ ನಮ್ಮ ಅನೇಕ ಬಾಂಧವರು ಬೆಚ್ಚುತ್ತಾರೆ. "ಇದು ದಯಾಮರಣವಲ್ಲವೇ? ಪಾಪವಲ್ಲವೇ?" ಎನ್ನುತ್ತಾರೆ. ಇಲ್ಲಿ ವಿವೇಚನೆ ಬೇಕು. ಸಾವನ್ನು ಬರಮಾಡುವ ಉದ್ದೇಶದಿಂದ ಮಾಡುವ ಕೃತ್ಯವನ್ನೂ, ಅದೇ ಉದ್ದೇಶದಿಂದ ಆರೈಕೆ ತಪ್ಪಿಸುವುದನ್ನೂ ಧರ್ಮಸಭೆ ಎಂದಿಗೂ ಒಪ್ಪದು. ಆದರೆ ಫಲವಿಲ್ಲದ, ದೇಹಕ್ಕೆ ಹೊರೆಯಾದ ಅಸಾಧಾರಣ ಚಿಕಿತ್ಸೆಯನ್ನು ಬೇಡವೆನ್ನಲು ಅಡ್ಡಿಯಿಲ್ಲವೆಂದು ಜಗದ್ಗುರು ಹನ್ನೆರಡನೇ ಪಿಯುಸರು 1957ರಲ್ಲಿಯೇ ವೈದ್ಯರಿಗೆ ತಿಳಿಸಿದ್ದರು. ವ್ಯಾಟಿಕನ್ನಿನ 1980ರ ಘೋಷಣೆಯೂ ಇದನ್ನೇ ಸಾರಿತು. ಯಂತ್ರವನ್ನು ಬೇಡವೆನ್ನಬಹುದು, ಆರೈಕೆಯನ್ನು ಬೇಡವೆನ್ನಲಾಗದು. ದೇಹ ಸ್ವೀಕರಿಸುವವರೆಗೆ ಅನ್ನ ನೀರು, ಶುಚಿತ್ವ, ನೋವಿನ ಉಪಶಮನ, ಜೊತೆಗೊಬ್ಬರ ಇರವು, ಇವು ಕೊನೆಯ ಉಸಿರಿನವರೆಗೆ ಸಲ್ಲಬೇಕಾದ ಋಣ. ಆದುದರಿಂದ ಈ ವಿವೇಚನೆಗೆ ಒಳಪಟ್ಟು ಬರೆದ ನಿರ್ದೇಶನ ನಮ್ಮ ವಿಶ್ವಾಸಕ್ಕೆ ವಿರುದ್ಧವಲ್ಲವೆಂದು ನಾವು ತಿಳಿದಿದ್ದೇವೆ. ಮಕ್ಕಳು ತೀವ್ರ ನಿಗಾ ಘಟಕದ ಬಾಗಿಲಲ್ಲಿ ನಿಂತು ಜಗಳವಾಡುವುದಕ್ಕಿಂತ, ಹಿರಿಯರು ಎಚ್ಚರದಲ್ಲಿದ್ದಾಗಲೇ ಊಟದ ಮೇಜಿನ ಬಳಿ ಕುಳಿತು ಮಾತನಾಡುವುದು ಲೇಸು.

ನೋವಿನ ವಿಷಯದಲ್ಲಿಯೂ ನಮ್ಮಲ್ಲಿ ತಪ್ಪು ತಿಳಿವಳಿಕೆಯಿದೆ. ಕ್ಯಾನ್ಸರ್ ರೋಗಿಗೆ ಮಾರ್ಫಿನ್ ಕೊಟ್ಟರೆ ಬೇಗ ಸಾಯುತ್ತಾರೆಂಬ ಭಯದಿಂದ, ಇಲ್ಲವೇ ನೋವನ್ನು ಶಿಲುಬೆಯಂತೆ ಹೊರಬೇಕೆಂಬ ಮಾತಿನಿಂದ, ಎಷ್ಟೋ ಮಂದಿಯನ್ನು ನರಳಿಸುತ್ತೇವೆ. ವೈದ್ಯರು ಹೇಳಿದ ಪ್ರಮಾಣದಲ್ಲಿ ಕೊಟ್ಟ ಔಷಧಿ ನೋವನ್ನು ತಗ್ಗಿಸುತ್ತದೆ, ಆಯುಸ್ಸನ್ನು ಕಸಿಯುವುದಿಲ್ಲ. ತನ್ನ ಶಿಲುಬೆಯನ್ನು ಒಬ್ಬರು ತಾವಾಗಿ ಹೊರಬಹುದು. ಇನ್ನೊಬ್ಬರ ಹೆಗಲಿಗೆ ಹೊರಿಸುವ ಅಧಿಕಾರ ಯಾರಿಗೂ ಇಲ್ಲ. ಆದರೆ ಆ ಮಾತ್ರೆಗಳು ಬೀಗದೊಳಗಿರಲಿ. ಅಜ್ಜಿಯ ನೋವು ಶಮನಗೊಳಿಸುವ ಮಾತ್ರೆ ಮೊಮ್ಮಗುವಿಗೆ ವಿಷ.

ಇನ್ನು ಅಭ್ಯಂಗ ಸಂಸ್ಕಾರ. ಇದು ಸಾಯುವ ಕ್ಷಣಕ್ಕಷ್ಟೇ ಮೀಸಲಲ್ಲವೆಂದು ಎರಡನೇ ವ್ಯಾಟಿಕನ್ ಮಹಾಸಭೆ 1963ರಲ್ಲಿಯೇ ಸ್ಪಷ್ಟಪಡಿಸಿತು. ಆದರೂ 'ಗುರುಗಳು ಬಂದರೆ ರೋಗಿ ಹೆದರುತ್ತಾರೆ' ಎಂದು ಮಾತು ನಿಂತ ಮೇಲೆ ಗುರುಗಳಿಗೆ ಹೇಳಿಕಳುಹಿಸುವವರಿದ್ದಾರೆ. ಪಾಪನಿವೇದನೆ ಮಾಡಲೂ, ಮುನಿದ ತಮ್ಮನನ್ನು ಕರೆಸಿ ರಾಜಿಯಾಗಲೂ, ಪರಮಪ್ರಸಾದ ಸ್ವೀಕರಿಸಲೂ ನಾಲಿಗೆ ಓಡಬೇಕಲ್ಲವೇ? ರೋಗಿಗೆ ಸತ್ಯವನ್ನು ಮೃದುವಾಗಿ, ಅವರು ಕೇಳಿದಷ್ಟು ತಿಳಿಸುವುದು ನಿಷ್ಠುರತೆಯಲ್ಲ.

ಕಡೆಯ ದಿನಗಳಲ್ಲಿ ಹಸಿವು ಅಡಗುವುದು ಸಹಜ. ಆಗ ಬಲವಂತವಾಗಿ ಗಂಜಿ ಸುರಿದರೆ ಅದು ಶ್ವಾಸನಾಳಕ್ಕೆ ಇಳಿಯಬಹುದು. ಒದ್ದೆ ಹತ್ತಿಯಿಂದ ತುಟಿ ತೋಯಿಸಿ. ಗೊರಗೊರ ಸದ್ದಾದರೆ ಮೆಲ್ಲನೆ ಮಗ್ಗುಲಿಗೆ ಹೊರಳಿಸಿ. ಕಿವಿ ಕೇಳಿಸುತ್ತಿದೆಯೆಂದೇ ಭಾವಿಸಿ ಮಾತನಾಡಿ, ಪ್ರಾರ್ಥಿಸಿ. ಆಸ್ತಿಯ ಚರ್ಚೆ ಆ ಕೋಣೆಯಲ್ಲಿ ಬೇಡ.

ಈ ಎಲ್ಲ ಹೊರೆ ಸಾಮಾನ್ಯವಾಗಿ ಮನೆಯ ಒಬ್ಬ ಸೊಸೆಯ ಅಥವಾ ಮದುವೆಯಾಗದ ಮಗಳ ಮೇಲೆ ಬೀಳುತ್ತದೆ. ಅವಳಿಗೂ ನಿದ್ದೆ ಬೇಕು. ನಮ್ಮ ಸಲಹೆ ಸರಳ: ಪ್ರತಿ ಧರ್ಮಕೇಂದ್ರದಲ್ಲಿ ನಿವೃತ್ತ ದಾದಿಯರಿದ್ದಾರೆ. ಗುರುಗಳೂ ಪಾಲನಾ ಮಂಡಳಿಯೂ ಅವರನ್ನು ಕರೆದು, ವರ್ಷಕ್ಕೆ ಎರಡು ಭಾನುವಾರ ಪೂಜೆಯ ನಂತರ ಮಗ್ಗುಲು ಬದಲಿಸುವುದನ್ನೂ ಔಷಧಿ ಜೋಡಿಸುವುದನ್ನೂ ಮಾಡಿ ತೋರಿಸಲಿ. ಪ್ರತಿ ವಾರ್ಡಿನ ಗುರಿಕಾರರು ಹಾಸಿಗೆ ಹಿಡಿದವರ ಪಟ್ಟಿ ಮಾಡಿ, ವಾರಕ್ಕೆ ಒಂದು ಮಧ್ಯಾಹ್ನ ಅಲ್ಲಿ ಕುಳಿತುಕೊಳ್ಳುವವರನ್ನು ಹುಡುಕಲಿ. ಮರಣವಾದ ಮೇಲೆ ಮನೆ ತುಂಬ ಜನ ಸೇರುವ ಸಮುದಾಯ ನಮ್ಮದು. ಅದರಲ್ಲಿ ಹತ್ತು ಮಂದಿ ಒಂದು ತಿಂಗಳು ಮೊದಲೇ ಬಂದರೆ ಸಾಕು.